ಎರಡು ಮರ ಕೂಡುವ ಗೆರೆ

ಮರ ಜೋಡಿಸುವ ಕೆಲಸವನ್ನು ನೋಡಲು ನಾನು ಕಲಿತದ್ದು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಬಡಿಗೇರರ ಅಂಗಳದಲ್ಲಿ. ಬೇವಿನ ಬಾಗಿಲೊಂದನ್ನು ತೋರಿಸಿ ಹಿರಿಯರೊಬ್ಬರು, “ಮಳಿಗಾಲದಾಗ ಬಿಗಿ ಆಗ್ತದ, ಬ್ಯಾಸಗ್ಯಾಗ ಸಡಿಲ ಆಗ್ತದ್ರಿ” ಎಂದಿದ್ದರು. ಅಷ್ಟು ಮಾತು ಸಾಕಾಯಿತು. ಮರ ಉದ್ದಕ್ಕೆ ಕುಗ್ಗುವುದು ಬಹಳ ಕಡಿಮೆ, ಕುಗ್ಗುವುದೆಲ್ಲ ಅಡ್ಡಕ್ಕೆ. ಅದೂ ಒಂದೊಂದು ಜಾತಿಯ ಮರ ಒಂದೊಂದು ಪ್ರಮಾಣದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ದೇವದುರ್ಗ ಸೀಮೆಯ ಒಣ ಬಿಸಿಲು ಇದನ್ನೆಲ್ಲ ಬಯಲಿಗೆ ತರುತ್ತದೆ. ಹಾಗಾಗಿ ಎರಡು ಬಣ್ಣದ ಮರ ಕೂಡಿಸಿದ ಯಾವ ವಸ್ತು ಕೈಗೆ ಬಂದರೂ ಚಿತ್ರವನ್ನು ಆಮೇಲೆ ನೋಡಿ, ಮೊದಲು ಮರಗಳು ಕೂಡಿದ ಗೆರೆಯನ್ನು ನೋಡಿ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ದೊಡ್ಡ ಮನೆ ಮೈಸೂರು. ಅಲ್ಲಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೀಟೆಯ ಹಲಗೆಯ ಮೇಲೆ ಚಿತ್ರ ಬರೆದು, ಬೇರೆ ಮರದ ತುಂಡುಗಳನ್ನು ಸಣ್ಣ ಗರಗಸದಿಂದ ಅದೇ ಆಕಾರಕ್ಕೆ ಕೊಯ್ದು, ಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಬಳಿಕ ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜಿ ಹೊಳಪು ಕೊಡುತ್ತಾರೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಗೆ ಹೋದರೆ ಅಂಬಾವಿಲಾಸದ ಬಾಗಿಲ ಮುಂದೆ ಐದು ನಿಮಿಷ ನಿಲ್ಲಿ. ಕಪ್ಪಗಿನ ಬೀಟೆಯಲ್ಲಿ ಆನೆದಂತದ ಕೆಲಸ. ದಂತದ ವ್ಯಾಪಾರ ನಿಂತ ಮೇಲೆ ಕೆಲವರು ಬಿಳಿ ಪ್ಲಾಸ್ಟಿಕ್ ಹಿಡಿದರು. ನನಗೆ ಅದು ಒಪ್ಪದು. ಅದರಲ್ಲಿ ಎಳೆಯೇ ಇಲ್ಲ. ಬಿಳುಪು ಬೇಕೆಂದರೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವಿದೆ. ಹಳದಿಗೆ ಹಲಸು, ಕೆಂಪಿಗೆ ರಕ್ತಚಂದನ, ಹೊಂಬಣ್ಣಕ್ಕೆ ತೇಗ.

ಒಳ್ಳೆಯ ಕುಶಲಕರ್ಮಿ ಬಣ್ಣದ ಜೊತೆಗೆ ಎಳೆಯನ್ನೂ ಆರಿಸುತ್ತಾನೆ. ಹರಿಯುವ ನೀರು ಬೇಕಾದಲ್ಲಿ ಉದ್ದೆಳೆಯ ತುಂಡು, ಬಂಡೆ ಬೇಕಾದಲ್ಲಿ ಗಂಟಿನ ಪಕ್ಕದ ಸುಳಿ. ಆನೆಯ ಸೊಂಡಿಲು ಬಾಗಿದ ಕಡೆಗೇ ಎಳೆಯೂ ಬಾಗಿದೆಯೇ ನೋಡಿ. ಬಾಗಿದ್ದರೆ ಆ ತುಂಡಿಗಾಗಿ ಎಷ್ಟೋ ಹಲಗೆ ತಿರುವಿ ಹಾಕಿದ್ದಾರೆ ಎಂದು ತಿಳಿಯಿರಿ. ಒಂದೇ ಹಲಗೆಯಲ್ಲಿ ಜಂಬೂಸವಾರಿ, ಹಳ್ಳಿ, ತೆಂಗಿನ ಮರ ಎಲ್ಲವನ್ನೂ ತುಂಬಿದ್ದಕ್ಕಿಂತ ಬೀಟೆಯನ್ನು ಅದರ ಪಾಡಿಗೆ ಬಿಟ್ಟು ಒಂದು ಬಳ್ಳಿ ಹರಿಸಿದ ಕೆಲಸವೇ ಮೇಲೆಂದು ನನ್ನ ತೀರ್ಮಾನ.

ಇದೇ ಕಣ್ಣಿನಿಂದ ಬಂದೂಕಿನ ಮರದ ಹಿಡಿಯನ್ನೂ ನೋಡಬಹುದು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂವನ್ನು ಮುಡಿಸಿ ಕೋವಿಯನ್ನು ಪೂಜೆಗಿಟ್ಟಾಗ ಕಬ್ಬಿಣದಷ್ಟೇ ಮರವೂ ಕಣ್ಣಿಗೆ ಬೀಳುತ್ತದೆ. ಗುಂಡು ಹಾರಿದಾಗ ಹಿಂದಕ್ಕೊದೆಯುವ ಪೆಟ್ಟನ್ನು ತಾಳುವುದು ಈ ಹಿಡಿಯೇ. ಕೈ ಹಿಡಿಯುವ ಸಣ್ಣ ಸೊಂಟದಲ್ಲಿ ಎಳೆ ಅಡ್ಡ ಹೋಗಿದ್ದರೆ ಅಲ್ಲೇ ಮುರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರು ಮೌಸರ್ ಬಂದೂಕುಗಳಿಗೆ ಬೀಚ್ ಮರದ ತೆಳು ಪದರಗಳನ್ನು ಅಂಟಿಸಿ ಹಿಡಿ ಮಾಡಿದರು. ತೂಕ ಹೆಚ್ಚಿತು, ಆದರೆ ಮಳೆಗೂ ಬಿಸಿಲಿಗೂ ಡೊಂಕಾಗುವುದು ಕಡಿಮೆಯಾಯಿತು.

ಮುಂದೆ ಇಂಥ ಪದರಗಳಿಗೆ ಕಪ್ಪು ಮತ್ತು ತಿಳಿ ಬಣ್ಣದ ಮರ ಬೆರೆಸಿದಾಗ ಅಂದವೂ ಕೂಡಿತು. ಅಂಟಿಸಿದ ದಿಮ್ಮಿಯಲ್ಲಿ ಗೆರೆಗಳೆಲ್ಲ ನೆಟ್ಟಗಿರುತ್ತವೆ. ಕೆತ್ತುತ್ತ ಹೋದಂತೆ ಉಬ್ಬಿದ ಕಡೆ ಪದರಗಳು ಒಂದರೊಳಗೊಂದು ಸುತ್ತಿ, ಇಳಿಜಾರು ಹೊಲದ ಬದುಗಳಂತೆ ಬಾಗುತ್ತವೆ. ಪದರಗಳನ್ನು ನಿಲ್ಲಿಸಿ ಅಂಟಿಸಿದ ಹಿಡಿಯಾದರೆ ಎಡಬದಿಯ ಸುತ್ತು ಬಲಬದಿಯ ಸುತ್ತಿಗೆ ಸರಿಹೊಂದಬೇಕು. ಹೊಂದದಿದ್ದರೆ ಕೆತ್ತಿದವರ ಕೈ ಒಂದು ಕಡೆ ಆಳಕ್ಕೆ ಇಳಿದಿದೆ. ಯಾವ ಬಣ್ಣವೂ ಆ ತಪ್ಪನ್ನು ಮುಚ್ಚದು.

ಇನ್‌ಲೇ ವಸ್ತುವನ್ನು ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಕಣ್ಣು ಮುಚ್ಚಿ ಬೆರಳಾಡಿಸಿ. ಕೂಡಿದ ಗೆರೆ ಬೆರಳಿಗೆ ಸಿಗಬಾರದು. ಗೆರೆಯ ಉದ್ದಕ್ಕೂ ಮರದಪುಡಿ ಬೆರೆಸಿದ ಅಂಟು ಕಂಡರೆ ಅಲ್ಲಿ ಸಂದು ಬಿಟ್ಟಿತ್ತೆಂದು ಅರ್ಥ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಾಗುತ್ತದೆ. ಅದು ದೋಷವಲ್ಲ, ಬಣ್ಣ ಹಚ್ಚಿಲ್ಲ ಎನ್ನುವುದಕ್ಕೆ ಗುರುತು. ಮನೆಗೆ ತಂದ ಮೇಲೆ ಪಡುವಣ ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ, ಕೂಲರಿನ ಎದುರಿಗೂ ಇಡಬೇಡಿ. ಮಾಡಿದವರು ಎದುರಿಗಿದ್ದರೆ ಪ್ರತಿ ತುಂಡನ್ನೂ ತೋರಿಸಿ ಇದು ಯಾವ ಮರವೆಂದು ಕೇಳಿ. ಹೆಸರು ಹೇಳಿ ಎಳೆ ತೋರಿಸಿದವರ ಹತ್ತಿರ ಚೌಕಾಸಿ ಮಾಡದೆ ಕೊಳ್ಳಿ.