ಮಾತು ಅದೇ, ಬಾಯಿ ಬೇರೆ

ತಾನು ನಂಬದ ಮಾತನ್ನು ತಾಯಿಯ ಸಮಾಧಿಯ ಮುಂದೆ ನಿಂತು ಹೇಳಬಹುದೇ? ಕೂಡದು ಎಂದಾದರೆ ಆ ಮಾತನ್ನು ತಿದ್ದಬೇಕೇ, ಕೈಬಿಡಬೇಕೇ? ಯಹೂದಿ ಧರ್ಮದ ರಿಫಾರ್ಮ್ ಪಂಥ ಇನ್ನೂರು ವರ್ಷಗಳಿಂದ ಈ ಪ್ರಶ್ನೆಯೊಂದಿಗೆ ಏಗುತ್ತಿದೆ. ಹುಟ್ಟು, ಪ್ರಾಯ, ಮದುವೆ, ಸಾವು ಈ ನಾಲ್ಕು ಘಟ್ಟಗಳ ವಿಧಿಗಳಲ್ಲಿ ಅದು ಮಾಡಿಕೊಂಡ ತಿದ್ದುಪಡಿಗಳನ್ನು ನಾನು ಸಾಹಿತ್ಯದ ಓದುಗನಾಗಿ, ಪಠ್ಯಗಳೆಂದೇ ಓದುತ್ತೇನೆ. ಹಾಗೆ ಓದಿದಾಗ ನನಗೆ ಅನ್ನಿಸುವುದು ಇಷ್ಟು: ಮಾತನ್ನು ಬದಲಿಸಲು ಹೊರಟ ಕಡೆ ಈ ಪಂಥ ಹಲವು ಸಲ ಹಿಂದೆ ಸರಿಯಬೇಕಾಯಿತು, ಅದೇ ಮಾತನ್ನು ಆಡುವ ಬಾಯಿಯನ್ನು ಬದಲಿಸಿದ ಕಡೆ ಗೆದ್ದಿತು.

ಮೊದಲು ಮಾತಿನ ಕತೆ. 1818ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸುಧಾರಣಾವಾದಿಗಳು ತಮ್ಮದೇ ಪ್ರಾರ್ಥನಾ ಮಂದಿರ ತೆರೆದರು. ಮರುವರ್ಷ ಹೀಬ್ರೂ ಜೊತೆಗೆ ಜರ್ಮನ್ ಇದ್ದ ಅವರ ಪ್ರಾರ್ಥನಾ ಪುಸ್ತಕ ಬಂತು. ಊರಿನ ಸಾಂಪ್ರದಾಯಿಕ ರಬ್ಬಿಗಳು ಅದನ್ನು ಉಗ್ರವಾಗಿ ಖಂಡಿಸಿ, ಯುರೋಪಿನ ಹಲವು ಊರುಗಳ ರಬ್ಬಿಗಳ ಪತ್ರಗಳನ್ನು ಒಟ್ಟುಮಾಡಿ ಅಚ್ಚುಹಾಕಿಸಿದರು. ಪದಗಳಿಗಾಗಿ ಇಷ್ಟು ದೊಡ್ಡ ಜಗಳವೇ ಎಂದು ಕೇಳುವವರು ಒಂದೇ ಪದದ ಚರಿತ್ರೆಯನ್ನು ನೋಡಬೇಕು. ಯಹೂದಿಗಳ ನಿತ್ಯದ ಮುಖ್ಯ ಪ್ರಾರ್ಥನೆ ದೇವರನ್ನು ಸತ್ತವರಿಗೆ ಜೀವ ಕೊಡುವವನೆಂದು ಕೊಂಡಾಡುತ್ತದೆ. 1885ರ ಪಿಟ್ಸ್‌ಬರ್ಗ್ ಘೋಷಣೆಯಲ್ಲಿ ಅಮೆರಿಕದ ರಿಫಾರ್ಮ್ ರಬ್ಬಿಗಳು ಆತ್ಮ ಅಮರವೆಂಬುದನ್ನು ಉಳಿಸಿಕೊಂಡು, ಸತ್ತ ದೇಹ ಮತ್ತೆ ಎದ್ದುಬರುತ್ತದೆಂಬ ನಂಬಿಕೆಯನ್ನು ಕೈಬಿಟ್ಟರು. 1975ರ ‘ಗೇಟ್ಸ್ ಆಫ್ ಪ್ರೇಯರ್’ ಪುಸ್ತಕದಲ್ಲಿ ‘ಸತ್ತವರು’ ಎಂಬ ಹೀಬ್ರೂ ಪದದ ಜಾಗದಲ್ಲಿ ‘ಎಲ್ಲವೂ’ ಎಂಬ ಪದ ಕೂತಿತು.

ಈ ತಿದ್ದುಪಡಿ ತರ್ಕಕ್ಕೆ ಸರಿ, ಕಿವಿಗೆ ಸಪ್ಪೆ. ‘ಎಲ್ಲವೂ’ ಎಂದಾಗ ಯಾರ ಮುಖವೂ ಕಣ್ಣಿಗೆ ಬರುವುದಿಲ್ಲ. ‘ಸತ್ತವರು’ ಎಂದರೆ ನಮ್ಮ ಮನೆಯ ಒಬ್ಬರಾದರೂ ನೆನಪಾಗುತ್ತಾರೆ. 2007ರ ‘ಮಿಶ್ಕನ್ ತಫಿಲಾ’ ಹಳೆಯ ಪದವನ್ನು ಆವರಣ ಚಿಹ್ನೆಯೊಳಗೆ ಮರಳಿ ತಂದು, ಆಯ್ಕೆಯನ್ನು ಹೇಳುವವರಿಗೇ ಬಿಟ್ಟಿತು. ತನ್ನ ಅನುಮಾನವನ್ನು ಮುಚ್ಚಿಡದೆ ಪುಟದ ಮೇಲೇ ಮುದ್ರಿಸಿದ ಪ್ರಾರ್ಥನಾ ಪುಸ್ತಕದ ಬಗ್ಗೆ ನನಗೆ ಗೌರವವಿದೆ.

ಪ್ರಾಯದ ವಿಧಿಯಲ್ಲೂ ಇಂಥದೇ ನಡೆಯಿತು. ಹದಿಮೂರು ತುಂಬಿದ ಹುಡುಗ ಸಭೆಯ ಮುಂದೆ ತೋರಾ ಓದುವ ಬಾರ್ ಮಿಟ್ಸ್ವಾ ಹಳೆಯದು. ಹತ್ತೊಂಬತ್ತನೆಯ ಶತಮಾನದ ಸುಧಾರಕರು ಅದಕ್ಕೆ ಬದಲಾಗಿ ‘ಕನ್ಫರ್ಮೇಶನ್’ ತಂದರು. ಅಲ್ಲಿ ಮಕ್ಕಳು ತಮ್ಮ ಧರ್ಮದ ತತ್ತ್ವಗಳನ್ನು ಪ್ರಶ್ನೋತ್ತರದ ರೂಪದಲ್ಲಿ ಒಪ್ಪಿಸಬೇಕು. ಹುಡುಗಿಯರನ್ನೂ ಹುಡುಗರ ಪಕ್ಕ ನಿಲ್ಲಿಸಿದ್ದು ಅದರ ದೊಡ್ಡ ಗುಣ. ಕನ್ಫರ್ಮೇಶನ್ ಇವತ್ತಿಗೂ ಇದೆ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಬಾರ್ ಮಿಟ್ಸ್ವಾ ರಿಫಾರ್ಮ್ ಸಭೆಗಳಿಗೆ ಮರಳಿ ಬಂತು. ಕಾರಣ ನನಗೆ ಸಾಹಿತ್ಯಕವಾಗಿಯೇ ತೋರುತ್ತದೆ. ಕನ್ಫರ್ಮೇಶನ್ ಮಗುವನ್ನು ‘ನೀನೇನು ನಂಬುತ್ತೀ’ ಎಂದು ಕೇಳುತ್ತದೆ. ಬಾರ್ ಮಿಟ್ಸ್ವಾ ‘ಬಾ, ಓದು’ ಎನ್ನುತ್ತದೆ. ಹದಿಮೂರರ ವಯಸ್ಸಿಗೆ ನಂಬಿಕೆ ಗಟ್ಟಿಯಾಗಿರುವುದಿಲ್ಲ, ಓದುವ ಗಂಟಲು ಮಾತ್ರ ಸಿದ್ಧವಾಗಿರುತ್ತದೆ.

ಇನ್ನು ಬಾಯಿಯ ಕತೆ. 1922ರಲ್ಲಿ ನ್ಯೂಯಾರ್ಕಿನಲ್ಲಿ ಜೂಡಿತ್ ಕಪ್ಲಾನ್ ಎಂಬ ಹುಡುಗಿ ಸಭೆಯೆದುರು ನಿಂತು ತೋರಾದ ಭಾಗವೊಂದನ್ನು ಓದಿದಳು, ಅದೂ ಸುರುಳಿಯಿಂದಲ್ಲ, ಅಚ್ಚಾದ ಪುಸ್ತಕದಿಂದ. ರಿಫಾರ್ಮ್ ವಲಯದ ಹೊರಗೆ ನಡೆದ ಈ ಘಟನೆಯ ದಾರಿಯನ್ನು ರಿಫಾರ್ಮ್ ಸಭೆಗಳೂ ಹಿಡಿದವು. ಅಲ್ಲಿ ಬಾತ್ ಮಿಟ್ಸ್ವಾ ಇಂದು ಸಾಮಾನ್ಯ ಸಂಗತಿ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡುವಾಗ ತೋರಾ, ಮದುವೆಯ ಚಪ್ಪರ, ಸತ್ಕಾರ್ಯ ಮೂರೂ ಒದಗಲಿ ಎಂದು ಹರಸುವುದು ವಾಡಿಕೆ. ಈಗ ಹೆಣ್ಣುಮಗುವಿಗೆ ಹೆಸರಿಡುವಾಗಲೂ ಅದೇ ಹಾರೈಕೆ ಕೇಳಿಸುತ್ತದೆ. ಮದುವೆಯಲ್ಲಿ ಉಂಗುರ ತೊಡಿಸಿ, ಮೋಶೆಯ ನಿಯಮದಂತೆ ನೀನು ನನ್ನವಳೆಂಬ ಅರ್ಥದ ವಾಕ್ಯ ಹೇಳುತ್ತಿದ್ದವನು ವರ ಮಾತ್ರ, ವಧು ಮೌನ. 1869ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ರಿಫಾರ್ಮ್ ರಬ್ಬಿಗಳು ವಧುವೂ ಉಂಗುರ ತೊಡಿಸಲಿ, ಆ ವಾಕ್ಯವನ್ನು ಅವಳೂ ಹೇಳಲಿ ಎಂದು ತೀರ್ಮಾನಿಸಿದರು. ಅವಳ ಬಾಯಿಗೆ ಬಂದಾಗ ಬದಲಾಗುವುದು ವ್ಯಾಕರಣದ ಲಿಂಗವಷ್ಟೇ. ಆದರೆ ಒಬ್ಬ ಇನ್ನೊಬ್ಬಳನ್ನು ಪಡೆಯುವ ಘೋಷಣೆಯಾಗಿದ್ದ ವಾಕ್ಯ ಅಲ್ಲಿಂದ ಇಬ್ಬರ ಸಂಭಾಷಣೆಯಾಯಿತು.

ಕೊನೆಗೆ ಕದ್ದಿಶ್, ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ಬಹುಪಾಲು ಅರಾಮಿಕ್ ಭಾಷೆಯಲ್ಲಿರುವ ಇದರಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ. ಇರುವುದು ದೇವರ ಹೆಸರಿನ ಸ್ತುತಿ, ಶಾಂತಿಯ ಕೋರಿಕೆ. ಹ್ಯಾಂಬರ್ಗಿನ ಸುಧಾರಕರಿಗೆ ಇದು ಕೊರತೆಯಾಗಿ ಕಂಡಿತು. ಅಗಲಿದವರನ್ನು ನೆನೆಯುವ ಸಾಲುಗಳನ್ನು ನಡುವೆ ಸೇರಿಸಿದರು. ಅಮೆರಿಕದ ‘ಯೂನಿಯನ್ ಪ್ರೇಯರ್ ಬುಕ್’ ಕೂಡ ಅವನ್ನು ಇಟ್ಟುಕೊಂಡಿತು. ಇಂದಿನ ‘ಮಿಶ್ಕನ್ ತಫಿಲಾ’ದ ಕದ್ದಿಶ್‌ನಲ್ಲಿ ಅವು ಇಲ್ಲ. ದುಃಖವನ್ನು ವಿವರಿಸಲು ಹೋದ ಸಾಲುಗಳು ಉದುರಿದವು, ವಿವರಿಸದೆ ನಿಂತ ಲಯ ಉಳಿಯಿತು. ಹೀಬ್ರೂ ಲಿಪಿ ಬಾರದವರೂ ಆ ಲಯ ಹಿಡಿಯಲೆಂದು ರೋಮನ್ ಲಿಪಿಯಲ್ಲೂ ಅದನ್ನು ಕೊಟ್ಟಿದ್ದಾರೆ. ಕದ್ದಿಶ್ ಹೇಳಲು ಹತ್ತು ಜನ ಸೇರಬೇಕು. ಸಂಪ್ರದಾಯದಲ್ಲಿ ಆ ಹತ್ತೂ ಗಂಡಸರು, ಹೇಳುವವನು ಮಗ. ರಿಫಾರ್ಮ್ ಸಭೆಯಲ್ಲಿ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ, ಮಗಳೂ ಎದ್ದು ನಿಲ್ಲುತ್ತಾಳೆ.

ಬಾಯಿ ಬದಲಾದ ಮೇಲೆ ಮಾತು ಹಾಗೇ ಉಳಿಯುವುದಿಲ್ಲವೆಂಬ ಆಕ್ಷೇಪ ಬರಬಹುದು. ನಿಜ. ಪೂರ್ವಜರೆಂದು ಅಬ್ರಹಾಮ, ಇಸಾಕ, ಯಾಕೋಬರನ್ನಷ್ಟೇ ನೆನೆಯುತ್ತಿದ್ದ ಪ್ರಾರ್ಥನೆಗೆ ರಿಫಾರ್ಮ್ ಪುಸ್ತಕ ಸಾರಾ, ರೆಬೆಕ್ಕ, ರಾಹೇಲ, ಲೇಯರ ಹೆಸರುಗಳನ್ನೂ ಸೇರಿಸಿದೆ. ಆದರೆ ಇದು ಪಿಟ್ಸ್‌ಬರ್ಗಿನ ಹಾದಿಯ ತಿದ್ದುಪಡಿಯಲ್ಲ. ಅಲ್ಲಿ ಒಂದು ಸಿದ್ಧಾಂತಕ್ಕೆ ಒಪ್ಪಲಿ ಎಂದು ಪದವನ್ನು ತೆಗೆದರು. ಇಲ್ಲಿ ಪ್ರಾರ್ಥಿಸುತ್ತ ನಿಂತ ಹೆಂಗಸರಿಗೆ ತಮ್ಮ ತಾಯಂದಿರೂ ಬೇಕಾದರು, ಹೆಸರುಗಳು ಬಂದವು. ಮೊದಲನೆಯದಕ್ಕೆ ಆವರಣ ಚಿಹ್ನೆ ಬೇಕಾಯಿತು. ಈ ನಾಲ್ಕು ಹೆಸರುಗಳಿಗೆ ಅದು ಬೇಕಾಗಿಲ್ಲ.