ಅಳಿಸಿ ಬರೆದ ಕೃತಿ: ‘ಜರ್ನಿ ಟು ಸಿಲಿಯಸ್’ ಆಟವನ್ನು ಕುರಿತು ಒಂದು ವಿಮರ್ಶೆ

1990ರಲ್ಲಿ ಜಪಾನಿನ ಸನ್‌ಸಾಫ್ಟ್ ಸಂಸ್ಥೆಯು ಫ್ಯಾಮಿಕಾಮ್ ಯಂತ್ರಕ್ಕಾಗಿ ‘ರಾಫ್ ವರ್ಲ್ಡ್’ ಎಂಬ ವಿಡಿಯೋ ಆಟವೊಂದನ್ನು ಹೊರತಂದಿತು. ಅದೇ ವರ್ಷ ಅಮೆರಿಕದಲ್ಲಿ ಅದು ‘ಜರ್ನಿ ಟು ಸಿಲಿಯಸ್’ ಎಂಬ ಹೆಸರನ್ನು ಪಡೆಯಿತು. ಓಡುತ್ತ, ನೆಗೆಯುತ್ತ, ಗುಂಡು ಹಾರಿಸುತ್ತ ಐದು ಘಟ್ಟಗಳನ್ನು ದಾಟಬೇಕಾದ ಈ ವೈಜ್ಞಾನಿಕ ಕಲ್ಪನೆಯ ಆಟಕ್ಕೆ ಅದೇ ಸಂಸ್ಥೆಯ ‘ಬ್ಯಾಟ್‌ಮ್ಯಾನ್’ಗೆ ದೊರೆತ ಖ್ಯಾತಿ ದೊರೆಯಲಿಲ್ಲ. ಇತಿಹಾಸದ ಅಭ್ಯಾಸಿಗಾದರೋ ಇದರಲ್ಲಿ ಬೇರೊಂದು ಸ್ವಾರಸ್ಯವುಂಟು. ಆಟವು ಮೊದಲು ರೂಪುಗೊಳ್ಳುತ್ತಿದ್ದುದು ಈ ಕಥೆಯಾಗಿ ಅಲ್ಲ. 1984ರಲ್ಲಿ ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ ‘ದಿ ಟರ್ಮಿನೇಟರ್’ ಎಂಬ ಚಲಚ್ಚಿತ್ರದ ಆಧಾರದ ಮೇಲೆ. ರಚನೆಯ ಕಾಲದಲ್ಲಿಯೇ ಚಿತ್ರದ ಹಕ್ಕು ಸಂಸ್ಥೆಯ ಕೈತಪ್ಪಿತು. ಆಗಿದ್ದ ಕೆಲಸವನ್ನು ಕೈಬಿಡದೆ, ಹೆಸರನ್ನೂ ಕಥೆಯನ್ನೂ ಬದಲಿಸಿ ಅದನ್ನು ಪೇಟೆಗೆ ಕಳುಹಿಸಲಾಯಿತು.

ಶಾಸನಗಳನ್ನು ಓದಿದವರಿಗೆ ಇಂಥ ಪ್ರಸಂಗ ಹೊಸದಲ್ಲ. ಹಳೆಯ ತಾಮ್ರಪಟವನ್ನು ಬಡಿದು, ಇದ್ದ ಅಕ್ಷರಗಳನ್ನು ಅಳಿಸಿ, ಅದರ ಮೇಲೆಯೇ ಇನ್ನೊಂದು ದಾನವನ್ನು ಕೊರೆದಿರುವ ನಿದರ್ಶನಗಳುಂಟು. ಅಂಥ ಪಟವನ್ನು ಓದುವವನು ಮೇಲಿನ ಬರಹದಿಂದ ತೃಪ್ತನಾಗುವುದಿಲ್ಲ. ಓರೆಬೆಳಕಿನಲ್ಲಿ ಹಿಡಿದು, ಅಡಿಯಲ್ಲಿ ಉಳಿದ ಗೆರೆಗಳನ್ನು ಹುಡುಕುತ್ತಾನೆ. ಈ ಆಟವನ್ನು ಹಾಗೆ ಓದಬಹುದೆಂಬುದು ನಮ್ಮ ಅಭಿಪ್ರಾಯ. ಮಕ್ಕಳ ಆಟಿಕೆಗೆ ಇಷ್ಟು ಉಪಚಾರವೇಕೆಂದು ಹಿರಿಯರು ಕೆಲವರು ಕೇಳಿಯಾರು. ಸಂತೆಯ ಸುಂಕದ ಲೆಕ್ಕವನ್ನು ಆಧಾರವೆಂದು ಸ್ವೀಕರಿಸುವ ನಾವು, ಲಕ್ಷಾಂತರ ಜನ ಸಂಜೆಗಳನ್ನು ಕಳೆದ ಒಂದು ಬಗೆಯ ಕೃತಿಯನ್ನು ಆಧಾರವಲ್ಲವೆನ್ನುವುದು ಹೇಗೆ?

ಮೇಲಿನ ಬರಹವನ್ನು ಮೊದಲು ನೋಡೋಣ. ಭೂಮಿಯಲ್ಲಿ ಜನಸಂಖ್ಯೆ ಮಿತಿಮೀರಿದೆ. ಸಿಲಿಯಸ್ ಸೌರಮಂಡಲದಲ್ಲಿ ವಸಾಹತನ್ನು ಕಟ್ಟುವ ಯೋಜನೆ ನಡೆದಿದೆ. ಆ ಯೋಜನೆಯಲ್ಲಿ ತೊಡಗಿದ್ದ ವಿಜ್ಞಾನಿಯೊಬ್ಬನು ಸ್ಫೋಟದಲ್ಲಿ ಮಡಿಯುತ್ತಾನೆ. ಅವನು ಬಿಟ್ಟುಹೋದ ಫ್ಲಾಪಿಯಿಂದ, ಇದು ಅಪಘಾತವಲ್ಲ, ಭಯೋತ್ಪಾದಕರ ಕೃತ್ಯವೆಂದು ಮಗ ಜೇ ಮೆಕ್‌ಕ್ರೇಗೆ ತಿಳಿಯುತ್ತದೆ; ಅವನು ಸೇಡಿಗೆ ಹೊರಡುತ್ತಾನೆ. ಕಥೆ ಸರಳವಾಗಿದೆ, ಒಪ್ಪುವಂತೆಯೂ ಇದೆ. ಆದರೆ ಆಟ ಮೊದಲಾದೊಡನೆ ಅದರ ಹೊಲಿಗೆ ಬಿಚ್ಚುತ್ತದೆ. ಮೊದಲ ಘಟ್ಟದಲ್ಲಿ ನಮಗೆ ಕಾಣುವುದು ಕಟ್ಟಲ್ಪಡುತ್ತಿರುವ ಹೊಸ ವಸಾಹತಲ್ಲ, ಮಹಾಯುದ್ಧದಲ್ಲಿ ಕುಸಿದ ನಗರದ ಅವಶೇಷ. ಭಯೋತ್ಪಾದಕರೆಂದು ಹೇಳಲಾದವರಲ್ಲಿ ಮನುಷ್ಯರೇ ಇಲ್ಲ, ಎದುರಾಗುವುದೆಲ್ಲ ಯಂತ್ರ. ಮಾನವರ ಮೇಲೆ ಯಂತ್ರಗಳು ಸಾರುವ ಯುದ್ಧ, ಹಾಳುಬಿದ್ದ ನಗರ: ಇವು ಕ್ಯಾಮರೂನನ ಚಿತ್ರದಲ್ಲಿ 2029ರ ಭವಿಷ್ಯವಾಗಿ ಬರುವ ದೃಶ್ಯಗಳೆಂಬುದನ್ನು ಚಿತ್ರ ನೋಡಿದವರು ಬಲ್ಲರು.

ಇಷ್ಟರಿಂದಲೇ ಈ ಆಟವನ್ನು ‘ಕಳೆದುಹೋದ ಟರ್ಮಿನೇಟರ್’ ಎಂದು ಕರೆದು ಸುಮ್ಮನಾಗುವ ರೂಢಿಯುಂಟು. ಅದನ್ನು ನಾವು ಒಪ್ಪಲಾರೆವು. ಅಡಿಯ ಬರಹ ಸಿಕ್ಕಿತೆಂಬ ಸಂತೋಷದಲ್ಲಿ ತಾಮ್ರವನ್ನೇ ಮರೆತಂತಾಗುತ್ತದೆ. ಹಳೆಯ ಕಥೆಗೂ ಹೊಸ ಕಥೆಗೂ ಸೇರದ ಮೂರನೆಯದೊಂದು ಇಲ್ಲಿದೆ. ಅದು ಆಡುವ ಕ್ರಮ.

ಜೇ ಬಳಿ ಆರಂಭದಲ್ಲಿ ಇರುವುವು ಒಂದು ಪಿಸ್ತೂಲು, ಒಂದು ಶಾಟ್‌ಗನ್. ಒಂದೊಂದು ಘಟ್ಟದ ನಾಯಕನನ್ನು ಗೆದ್ದಂತೆ ಬೇರೆ ಆಯುಧಗಳು ಕೈಸೇರುತ್ತವೆ. ಪಿಸ್ತೂಲಿನ ಗುಂಡಿಗೆ ಲೆಕ್ಕವಿಲ್ಲ. ಉಳಿದ ಆಯುಧಗಳೆಲ್ಲವೂ ಒಂದೇ ಶಕ್ತಿಯ ಪಟ್ಟಿಯಿಂದ ಉಣ್ಣುತ್ತವೆ. ಯಾವುದನ್ನು ಹಾರಿಸಿದರೂ ಕರಗುವುದು ಆ ಒಂದೇ ಸಂಚಯ. ಬರಿದಾಯಿತೆಂದರೆ ಮತ್ತೆ ಪಿಸ್ತೂಲೇ ಗತಿ. ಹೀಗಾಗಿ ಆಯುಧ ಹೆಚ್ಚಿದಂತೆ ಬಲ ಹೆಚ್ಚುವುದಿಲ್ಲ, ಚಿಂತೆ ಹೆಚ್ಚುತ್ತದೆ. ಸಾಧಾರಣ ಶತ್ರುವಿನ ಮೇಲೆ ದುಂದುಮಾಡಿದವನು ನಾಯಕನೆದುರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಮನೆವಾರ್ತೆ ಬಲ್ಲವರಿಗೆ ಈ ಪರಿ ಪರಿಚಿತವೇ. ಬೇಕಾದಷ್ಟು ಗುಂಡು ಕೊಟ್ಟು ಆಡುವವನನ್ನು ಮೆರೆಸುವ ಆಟಗಳೇ ಹೆಚ್ಚಾಗಿರುವ ಈ ವರ್ಗದಲ್ಲಿ, ಕೊರತೆಯನ್ನೇ ನಿಯಮವನ್ನಾಗಿಸಿದ ಈ ಯೋಜನೆ ಗಮನಾರ್ಹವಾದುದು. ಸೋಲುತ್ತಿರುವ ಮಾನವಕುಲದ ದೈನ್ಯವನ್ನು ಇದು ಯಾವ ಹೆಸರಿನ ನೆರವೂ ಇಲ್ಲದೆ ಕೈಗೆ ಮುಟ್ಟಿಸುತ್ತದೆ.

ಸಂಗೀತದ ವಿಷಯದಲ್ಲಿಯೂ ಕೊರತೆಯಿಂದಲೇ ಹುಟ್ಟಿದ ಜಾಣ್ಮೆ ಕಾಣುತ್ತದೆ. ಫ್ಯಾಮಿಕಾಮ್ ಯಂತ್ರಕ್ಕೆ ಇದ್ದ ಧ್ವನಿಮಾರ್ಗಗಳು ಐದು. ಅವುಗಳಲ್ಲಿ ಒಂದು, ಮೊದಲೇ ಮುದ್ರಿಸಿದ ಸಣ್ಣ ಧ್ವನಿತುಣುಕುಗಳನ್ನು ನುಡಿಸುವಂಥದು. ಹಲವರು ಅದನ್ನು ಮದ್ದಳೆಯ ಪೆಟ್ಟಿನಂಥ ಸದ್ದುಗಳಿಗೆ ಬಳಸುತ್ತಿದ್ದರು. ಸನ್‌ಸಾಫ್ಟ್‌ನವರು ಅದರಲ್ಲಿ ಮಂದ್ರದ ತಂತಿವಾದ್ಯವನ್ನು ನುಡಿಸಿದರು. ಸಂಯೋಜಕ ನವೊಕಿ ಕೊಡಾಕಾ ಅವರ ರಾಗಗಳಿಗೆ ಈ ಗಂಭೀರವಾದ ತಳಪಾಯ ದೊರೆತುದರಿಂದ, ಪುಟ್ಟ ಯಂತ್ರದಿಂದ ಬರಬಹುದೆಂದು ನಿರೀಕ್ಷಿಸಲಾಗದ ತೂಕದ ನಾದ ಹೊರಡುತ್ತದೆ.

ದೋಷಗಳಿಲ್ಲವೆಂದಲ್ಲ. ಮೇಲಿನಿಂದ ಎರಗುವ ಶತ್ರುವಿನ ಕಡೆಗೆ ಬಂದೂಕನ್ನು ಎತ್ತಲು ನಾಯಕನಿಗೆ ಬಾರದು. ಐದು ಘಟ್ಟಗಳು ಅಲ್ಪವೆನಿಸುತ್ತವೆ. ಆ ಅಲ್ಪತೆಯನ್ನು ಕಾಠಿಣ್ಯದಿಂದ ತುಂಬಿಸಲು ನೋಡಿದ್ದಾರೆ. ಅವಕಾಶಗಳು ಮುಗಿದರೆ ಮೊದಲಿನಿಂದಲೇ ಆಡಬೇಕು. ಪರದೆಯು ತಾನಾಗಿಯೇ ಸರಿಯುತ್ತ ನಮ್ಮನ್ನು ದೂಡುವ ಕಡೆಯ ಘಟ್ಟದಲ್ಲಿ, ನಾವು ಹೊಗಳಿದ ಮಿತವ್ಯಯಕ್ಕೆ ಯೋಚಿಸುವಷ್ಟು ಬಿಡುವೇ ಉಳಿಯುವುದಿಲ್ಲ.

1992ರಲ್ಲಿ ಮೈಂಡ್‌ಸ್ಕೇಪ್ ಸಂಸ್ಥೆಯು ಇದೇ ಯಂತ್ರಕ್ಕೆ ‘ದಿ ಟರ್ಮಿನೇಟರ್’ ಎಂಬ ಹೆಸರಿನ, ಹಕ್ಕು ಪಡೆದ ಆಟವನ್ನು ಪ್ರಕಟಿಸಿತು. ಹೆಸರೂ ಕಥೆಯೂ ಚಿತ್ರದವೇ. ಆದರೂ ಆಡುವಾಗ ಚಿತ್ರದ ಭೀತಿ ನಮ್ಮ ಅನುಭವಕ್ಕೆ ಬರಲಿಲ್ಲ. ಎರಡನ್ನೂ ಒಟ್ಟಿಗೆ ಆಡಿ ನೋಡುವ ವಿದ್ಯಾರ್ಥಿಯು ಸಿಲಿಯಸ್‌ನ ಅಂತ್ಯದವರೆಗೆ ಹೋಗಬೇಕೆಂದು ನಾವು ಸೂಚಿಸುತ್ತೇವೆ. ವಸಾಹತಿನ ಮಾತು, ತಂದೆಯ ಫ್ಲಾಪಿ ಎಲ್ಲವೂ ಹಿಂದೆ ಉಳಿದ ಮೇಲೆ, ಅಲ್ಲಿ ಕಡೆಯ ವೈರಿಯಾಗಿ ಎದುರು ನಿಲ್ಲುವುದು ಆ ಚಿತ್ರದ ಲೋಹದ ಅಸ್ಥಿಪಂಜರವನ್ನೇ ಹೋಲುವ ಒಂದು ಯಂತ್ರಪುರುಷ. ಅವನಾರೆಂದು ಹೊಸ ಕಥೆ ಒಂದು ಮಾತನ್ನೂ ಹೇಳುವುದಿಲ್ಲ.