ಒಂದು ‘ಅಥವಾ’ದ ಸುತ್ತ

ಸುಕದೇವ್ ಸಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 2025ರ ಜುಲೈ 25ರಂದು ಕೊಟ್ಟ 15 ಮಾರ್ಗಸೂಚಿಗಳಿಗೆ ಬಿದ್ದ ಚಪ್ಪಾಳೆ ಸಣ್ಣದಲ್ಲ. ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಕಟ್ಟೆಯ ಮೇಲೆ ಕೂತು ಓದಿದರೆ ಹೊಗಳಿಕೆ ತುಸು ಹೆಚ್ಚೇ ಆಯಿತೆನಿಸುತ್ತದೆ.

ನೂರು ಅಥವಾ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು ಎನ್ನುತ್ತದೆ ತೀರ್ಪು. ಎಲ್ಲ ತೊಡಕೂ ಆ ಎರಡನೇ ‘ಅಥವಾ’ದಲ್ಲಿದೆ. ಆಪ್ತಸಮಾಲೋಚಕರು ಎದುರಿಗೆ ಬಂದು ಕೂತ ಮಗುವಿನ ಮಾತು ಕೇಳುತ್ತಾರೆ. ಸಮಾಜ ಕಾರ್ಯಕರ್ತರ ಕೆಲಸ ಶುರುವಾಗುವುದೇ ಮಗು ಎದುರಿಗೆ ಬಾರದಿದ್ದಾಗ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಅಪ್ಪ ಅವ್ವ ಗಂಟುಮೂಟೆ ಕಟ್ಟಿ ಬೆಂಗಳೂರು, ಮಂಗಳೂರು, ಗೋವಾದ ಕಡೆ ಗುಳೆ ಹೋಗುತ್ತಾರೆ. ಎಂಟನೇ ತರಗತಿಯ ಹುಡುಗಿ ಒಂದು ವಾರ ಬರಲಿಲ್ಲವೆಂದರೆ ಹಾಜರಿ ಪುಸ್ತಕ ಹೇಳುವುದು ‘ಗೈರು’ ಎಂದಷ್ಟೇ. ತಮ್ಮನನ್ನು ಎತ್ತಿಕೊಂಡು ಕೂತಿದ್ದಾಳೋ, ಹತ್ತಿ ಬೀಜದ ಹೊಲದಲ್ಲಿದ್ದಾಳೋ, ಮದುವೆ ಮಾತು ನಡೆದಿದೆಯೋ? ತಿಳಿಯಬೇಕಾದರೆ ಅವಳ ಮನೆಗೇ ಹೋಗಬೇಕು. ಅಜ್ಜಿಯ ಹತ್ತಿರ ಕೂತು ಮಾತಾಡಬೇಕು. ಅಂಗನವಾಡಿ, ಪಂಚಾಯಿತಿ, ಮಕ್ಕಳ ಕಲ್ಯಾಣ ಸಮಿತಿ ಎಲ್ಲ ಅಲೆಯಬೇಕು. ಕಾಲುವೆ ನೀರಿನ ಗಂಗಾವತಿಯಲ್ಲಿ ಚಿತ್ರ ತಿರುವುಮುರುವು: ಅಲ್ಲಿಗೆ ಭತ್ತದ ಕೆಲಸಕ್ಕೆ ಹೊರಗಿನವರೇ ಬರುತ್ತಾರೆ. ಎರಡೂ ಕಡೆ ಮಗುವಿನ ಸಂಕಟದ ಬೇರು ತರಗತಿಯ ಹೊರಗಿದೆ.

ಇದನ್ನೆಲ್ಲ ಶಿಕ್ಷಕರೇ ಮಾಡಲಿ ಎನ್ನುವ ಅಂಕಣಕಾರರಿಗೇನೂ ಕೊರತೆಯಿಲ್ಲ. 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿ ಪಟ್ಟ ಕಟ್ಟಿದೆಯಲ್ಲ ಎಂಬುದು ಅವರ ವಾದ. ಆದರೆ ಬಿಸಿಯೂಟ, ಮೊಟ್ಟೆ–ಬಾಳೆಹಣ್ಣಿನ ಲೆಕ್ಕ ಬರೆಯುವವರೂ ಶಿಕ್ಷಕರೇ, ಚುನಾವಣೆಗೆ ಹೋಗುವವರೂ ಅವರೇ. ಮನೆಮನೆಗೆ ಹೋಗಲಿಲ್ಲವೆಂದಲ್ಲ, 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೋದರು, ಜಾತಿ ಸಮೀಕ್ಷೆಯ ಪ್ರಶ್ನೆಗಳನ್ನು ಹೊತ್ತು. ಇನ್ನು, ಅಂಕ ಹಾಕುವ ಮೇಷ್ಟ್ರ ಮುಂದೆ ಯಾವ ಮಗು ಮನೆಯ ಗುಟ್ಟು ಬಿಚ್ಚೀತು?

ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ ಇದೆಯಲ್ಲ ಎನ್ನುವವರದು ಇನ್ನೊಂದು ಗುಂಪು. ತೀರ್ಪೂ ಸಹಾಯವಾಣಿ ಸಂಖ್ಯೆಗಳನ್ನು ದೊಡ್ಡಕ್ಷರದಲ್ಲಿ ಬರೆಸಿ ಎನ್ನುತ್ತದೆ. ಗೋಡೆಯ ಮೇಲೆ 14416 ಎಂದೇನೋ ಬರೆಯಬಹುದು. ಆದರೆ ಮನೆಗಿರುವ ಒಂದೇ ಮೊಬೈಲ್ ಮಂಗಳೂರಿಗೆ ದುಡಿಯಲು ಹೋದ ಅಪ್ಪನ ಜೇಬಿನಲ್ಲಿರುತ್ತದೆ.

ಸಮಾಜ ಕಾರ್ಯಕರ್ತರ ಹೆಸರನ್ನಾದರೂ ಎತ್ತಿತಲ್ಲ ಎಂಬುದಕ್ಕೆ ತೀರ್ಪನ್ನು ಮೆಚ್ಚಬೇಕು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನಿಂದ ಹುಟ್ಟಿದ ಪ್ರಕರಣವಿದು. ಅದರ ಕಣ್ಣೆದುರು ಇದ್ದದ್ದು ಕೋಚಿಂಗ್ ಹಾಸ್ಟೆಲು. ನೂರರ ಗೆರೆ ಅಲ್ಲಿಗೆ ಒಪ್ಪುತ್ತದೆ. ಎರಡು ಕೋಣೆಯ ಕಿರಿಯ ಪ್ರಾಥಮಿಕ ಶಾಲೆ ಆ ಗೆರೆ ಮುಟ್ಟುವುದೇ ಇಲ್ಲ. ಅಂಥ ಶಾಲೆಗೆ ತೀರ್ಪು ವಿಧಿಸುವುದು ಹೊರಗಿನ ತಜ್ಞರೊಂದಿಗೆ ಸಂಪರ್ಕವನ್ನಷ್ಟೇ.

ಧಾರವಾಡ, ಕಲಬುರಗಿ, ಬಳ್ಳಾರಿಯ ವಿಶ್ವವಿದ್ಯಾಲಯಗಳಲ್ಲಿ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯೂ ಕಲಿಸುತ್ತಾರೆ. ಓದಿದವರು ಈ ಭಾಗದಲ್ಲೇ ಇದ್ದಾರೆ. ಶಾಲೆಗೊಬ್ಬರು ಆಗದಿದ್ದರೆ ಬೇಡ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇರುವ ಪ್ರತಿ ಶಾಲಾ ಕ್ಲಸ್ಟರಿಗೆ ಒಬ್ಬ ಸಮಾಜ ಕಾರ್ಯಕರ್ತರನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಲಿ. ಅದಕ್ಕೆ ಯಾವ ಕೋರ್ಟೂ ಅಡ್ಡ ಬರುವುದಿಲ್ಲ.